ಗುಡದಪ್ಪ ಕುಂತ ಜಾಗ

ಬಹಳ ಬಹಳ ಹಿಂದೆ, ತಕ್ಕಡಿಗಳಿಗೆ ಇನ್ನೂ ಸ್ವಲ್ಪ ನಾಚಿಕೆ ಉಳಿದಿದ್ದ ಕಾಲದಲ್ಲಿ, ಒಂದೂರಿನಲ್ಲಿ ಒಂದು ಜೋಳದ ಪೇಟೆ ಇತ್ತು. ಆ ಪೇಟೆಯಲ್ಲಿ ಗುಡದಪ್ಪ ಅಂತ ಒಬ್ಬ ಹಮಾಲ ಇದ್ದ. ನಮ್ಮ ಮನೆತನದವನೇ. ಬೇಕಾದರೆ ನನ್ನ ಹೆಗಲು ನೋಡಿರಿ, ಆ ಹೆಗಲಿನ ಮೊಮ್ಮಗ ಇದು. ನಾನು ಸುಳ್ಳು ಹೇಳುವವನಲ್ಲ, ಹೇಳಿದರೂ ಸಣ್ಣದು ಹೇಳುವವನಲ್ಲ.

ಗುಡದಪ್ಪ ಚೀಲ ಹೊತ್ತು ನಡೆದರೆ ಗುಬ್ಬಿಗಳು ಗುಡ್ಡ ಬಂತೆಂದು ಮೇಲೆ ಕೂತು ಗೂಡು ಕಟ್ಟಲು ಶುರು ಮಾಡುತ್ತಿದ್ದವಂತೆ. ಒಮ್ಮೆ ಕೆಸರಲ್ಲಿ ಸಿಕ್ಕ ಬಂಡಿಯನ್ನು ಎತ್ತುಗಳ ಸಮೇತ ಎತ್ತಿ ಆಚೆ ಇಟ್ಟನಂತೆ. ಆಮೇಲೆ ಆ ಎತ್ತುಗಳು ನಡೆಯುವುದನ್ನೇ ಬಿಟ್ಟು ಇವನ ದಾರಿ ಕಾಯುತ್ತಿದ್ದವಂತೆ. ಹಾಗಂತ ಹೇಳುತ್ತಾರೆ, ನಾನು ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಹಮಾಲರಲ್ಲಿ ಒಂದು ಪದ್ಧತಿ. ತುಂಬಿದ ಚೀಲವನ್ನು ಯಾರೂ ತಾವೇ ಬೆನ್ನಿಗೆ ಏರಿಸಿಕೊಳ್ಳುವುದಿಲ್ಲ. ಹೊರುವವನು ಬಾಗಿ ನಿಂತು "ಕೈ ಹಚ್ರೋ" ಅನ್ನುತ್ತಾನೆ, ಇಬ್ಬರು ಆಚೀಚೆ ಹಿಡಿದು ಎತ್ತಿ ಕೊಡುತ್ತಾರೆ. ಗುಡದಪ್ಪ ಮಾತ್ರ ಆ ಮಾತು ಆಡಿದವನೇ ಅಲ್ಲ. ಮೊಣಕಾಲಿನಿಂದ ಒಂದು ಗುದ್ದು ಕೊಟ್ಟರೆ ಚೀಲ ತಾನೇ ಹಾರಿ ಬೆನ್ನೇರುತ್ತಿತ್ತಂತೆ. ಏರದೆ ಅದಕ್ಕೆ ಬೇರೆ ಗತಿ ಏನಿತ್ತು?

ಪೇಟೆಯಲ್ಲಿ ರೈತರ ಜೋಳ ಮಾರಿಸಿಕೊಡುವ ಅಡತಿ ಸಾವ್ಕಾರ ಶಾಂತವೀರಪ್ಪ ಇದನ್ನು ನೋಡಿದ. ನೋಡಿ, ಚೀಲ ದೊಡ್ಡದು ಹೊಲಿಸಿದ. ಮುಂದಿನ ಸುಗ್ಗಿಗೆ ಇನ್ನೂ ದೊಡ್ಡದು. ಕೂಲಿ ಚೀಲದ ಲೆಕ್ಕ; ಚೀಲ ಬೆಳೆಯಿತು, ಕೂಲಿ ಇದ್ದಷ್ಟೇ ಇತ್ತು. ಹಮಾಲರು ಬೆನ್ನು ಹಿಡಿದುಕೊಂಡು ಹೋಗಿ ಕೇಳಿದರೆ ಸಾವ್ಕಾರ ಗುಡದಪ್ಪನ ಕಡೆ ಕೈ ಮಾಡಿ, "ಅವ ಹೊರತಾನಲ್ಲ? ನಿಮ್ಮನ್ನೇನು ಬೆಣ್ಣೀಲೆ ಮಾಡ್ಯಾರ?" ಅನ್ನುತ್ತಿದ್ದನಂತೆ.

ಆಗ ಹುಸೇನಸಾಬ ಅನ್ನುವ ಹಿರಿಯ ಹಮಾಲ ಎಲ್ಲರನ್ನೂ ಕೂಡಿಸಿ ಒಂದು ಸಂಘ ಕಟ್ಟಿದ. ಗುಡದಪ್ಪನನ್ನೂ ಕರೆದ. ಗುಡದಪ್ಪ ಎದೆ ತಟ್ಟಿ ನಕ್ಕನಂತೆ.

"ಕಾಕಾ, ನಾ ಒಬ್ಬನ ಒಂದು ಸಂಘ ಅದೀನಿ. ನಿಮ್ಮದರಾಗ ನನಗ ಕುಂದರಾಕ ಜಾಗ ಸಾಲೂದಿಲ್ಲ."

ಹುಸೇನಸಾಬ ಅದೇ ಸುಗ್ಗಿಯಲ್ಲಿ ಆ ದೊಡ್ಡ ಚೀಲದ ಕೆಳಗೆ ಕುಸಿದು ಬಿದ್ದ. ಮನೆಗೆ ಒಯ್ಯಲು ಗುಡದಪ್ಪನೇ ಬೆನ್ನ ಮೇಲೆ ಹಾಕಿಕೊಂಡ. ಹುಸೇನಸಾಬ ಹತ್ತಿಯ ಹಾಗೆ ಹಗುರಾಗಿದ್ದನಂತೆ.

"ಇಷ್ಟ್ಯಾಕ ಸೊರಗೀರಿ ಕಾಕಾ?" ಅಂದ ಗುಡದಪ್ಪ.

"ನಿನ್ನ ಚೀಲ ಹೊತ್ತು ಹೊತ್ತು" ಅಂದ ಹುಸೇನಸಾಬ.

ಆ ದಿನ ಗುಡದಪ್ಪ ಮನೆಗೆ ಬಂದು ಊಟಕ್ಕೆ ಏಳಲಿಲ್ಲ. ಹೆಂಡತಿ ಫಕೀರವ್ವ, ಅವನು ರೊಟ್ಟಿ ಬೇಡವೆಂದಿದ್ದನ್ನು ಎಂದೂ ಕಾಣದವಳು, ವೈದ್ಯರನ್ನು ಕರೆಯಲು ಹೊರಟಿದ್ದಳಂತೆ.

ಮರುದಿನ ಸಂಘದವರು, ಹಳೆಯ ಚೀಲ ತರುವ ತನಕ ಹೊರುವುದಿಲ್ಲ ಎಂದು ಕೆಲಸ ನಿಲ್ಲಿಸಿದರು. ಬಂಡಿಗಳು ಸಾಲುಗಟ್ಟಿದವು. ಸಾವ್ಕಾರ ಪೇಟೆಯ ನಡುವೆ ನಿಂತು ಸಾರಿದ: ಎಲ್ಲಕ್ಕಿಂತ ದೊಡ್ಡ ಚೀಲವನ್ನು ಒಬ್ಬ ಹಮಾಲ ಗೋದಾಮಿಗೆ ಮುಟ್ಟಿಸಿದರೆ ಇನ್ನು ಅದೇ ಚೀಲ ಕಾಯಂ. ಯಾರಿಂದಲೂ ಆಗದಿದ್ದರೆ ಸಂಘ ಕೇಳಿದ ಚೀಲ. ಹೊತ್ತವನಿಗೆ ಬೆಳ್ಳಿ ಕಡಗ, ಮೇಲೆ 'ಪೇಟೆ ಭೀಮ' ಅನ್ನುವ ಹೆಸರು. ಹೀಗೆಂದು ಗುಡದಪ್ಪನನ್ನು ನೋಡಿ ಮೀಸೆಯಲ್ಲೇ ನಕ್ಕ.

ಗುಡದಪ್ಪ ಎದ್ದು ಬಂದ. ಹಮಾಲರ ಎದೆ ನಗಾರಿಯಾಯಿತು. ಅವನು ಚೀಲದ ಮುಂದೆ ಬಾಗಿ ನಿಂತು, ಜೀವಮಾನದಲ್ಲಿ ಮೊದಲ ಸಲ, "ಕೈ ಹಚ್ರೋ" ಅಂದನಂತೆ. ಇಬ್ಬರು ಎತ್ತಿ ಕೊಟ್ಟರು. ನಾಲ್ಕು ಹೆಜ್ಜೆ ನಡೆದ. ನಟ್ಟ ನಡು ಪೇಟೆಯಲ್ಲಿ, ಚೀಲದ ಸಮೇತ, ಕುಂತುಬಿಟ್ಟ.

"ಒಬ್ಬಂಗ ಆಗೂದಿಲ್ಲ ಸಾವ್ಕಾರ್ರ."

ಪೇಟೆಯೆಲ್ಲ ಹೋ ಅಂತು. "ಭೀಮ ಕುಂತ! ಭೀಮ ಕುಂತ!" ಎಂದು ಬಂಡಿಯವರು ಬಿದ್ದು ಬಿದ್ದು ನಕ್ಕರು. ಎಂದೂ ಯಾರ ನಗೆಗೂ ಈಡಾದವನಲ್ಲ ಗುಡದಪ್ಪ. ಕಿವಿ ಮೆಣಸಿನಕಾಯಿಯಾದವು. ಆದರೂ ಏಳಲಿಲ್ಲ. ಅವನು ಹೊತ್ತ ಭಾರಗಳಲ್ಲೆಲ್ಲ ಆ ನಗುವೇ ಭಾರವಾಗಿತ್ತೆಂದು ಹೇಳುತ್ತಾರೆ.

ಬಿಸಿಲು ಏರಿತು. ಫಕೀರವ್ವ ಬುತ್ತಿ ತಂದಳು. ಚೀಲ ಬೆನ್ನ ಮೇಲೆ ಇದ್ದಂತೆಯೇ ಅವನು ಒಂದು ಗಂಟು ರೊಟ್ಟಿ, ಒಂದು ಗಡಿಗೆ ಝುಣಕ ಉಂಡು, ಮಜ್ಜಿಗೆ ಕುಡಿದು, ತೇಗಿದನಂತೆ. ಚೀಲ ಒಂದಿಷ್ಟೂ ಅಲುಗಲಿಲ್ಲ.

ಸಾವ್ಕಾರ ಕುದಿದುಹೋದ. "ಉಣ್ಣಾಕ ಬರತೈತಿ, ಏಳಾಕ ಬರೂದಿಲ್ಲೇನಲೇ?"

"ಉಣ್ಣೂದು ನನ್ನ ಕೈಯಾಗೈತಿ. ಏಳೂದು ಸಂಘ ಹೇಳಿದ ಮ್ಯಾಲೆ" ಅಂದ ಗುಡದಪ್ಪ. ಆಮೇಲೆ ಹಮಾಲರ ಕಡೆ ತಿರುಗಿ, "ಸಂಘದಾಗ ನನ್ನ ಹೆಸರು ಹಚಗೊಳ್ರೋ. ಜಾಗ ಇಲ್ಲೇ ಐತಿ, ಕುಂತೀನಿ" ಅಂದ.

ಹೊತ್ತು ಇಳಿಯುವುದರೊಳಗೆ ಸಾವ್ಕಾರನ ಮೀಸೆಯೂ ಇಳಿಯಿತು. ಹಳೆಯ ಚೀಲಗಳು ಬಂದವು. ಆಗ ಸಂಘದ ಅಷ್ಟೂ ಕೈಗಳು ಸೇರಿ ಗುಡದಪ್ಪನ ಬೆನ್ನಿನಿಂದ ಆ ಚೀಲ ಇಳಿಸಿದವು. ಕೆಲವರು ಅವನಿಗೆ ನಿಜವಾಗಿಯೂ ಏಳಲು ಆಗಲಿಲ್ಲ ಅನ್ನುತ್ತಾರೆ. ಅಂಥವರ ಮನೆಯಲ್ಲಿ ನಾನು ಚಹಾ ಕುಡಿಯುವುದಿಲ್ಲ.

ಆ ಪೇಟೆಯಲ್ಲಿ ಈಗಲೂ ಹೊಸಬ ಸಂಘಕ್ಕೆ ಸೇರುವ ದಿನ ಅವನ ಬೆನ್ನಿಗೆ ತುಂಬಿದ ಚೀಲ ಏರಿಸುತ್ತಾರೆ. ಅವನು ಗುಡದಪ್ಪ ಕುಂತ ಜಾಗದ ತನಕ ನಡೆದು, ಕುಂತು, "ಒಬ್ಬಂಗ ಆಗೂದಿಲ್ಲ" ಅನ್ನಬೇಕು. ಅಂದ ಕೂಡಲೇ ಎಲ್ಲ ಕೈ ಬಂದು ಚೀಲ ಇಳಿಸುತ್ತವೆ. ಆಳು ಎಷ್ಟು ಗಟ್ಟಿಯೋ ಅಷ್ಟು ಗಟ್ಟಿಯಾಗಿ ಕೂಗಿ ಹೇಳಬೇಕು. ಮೆಲ್ಲಗೆ ಅಂದರೆ, ಕೇಳಿಸಲಿಲ್ಲ ಅಂತ ಅಲ್ಲೇ ಕೂರಿಸುತ್ತಾರೆ.