ಅಂಬಿಗ ಬಿಟ್ಟುಕೊಟ್ಟ ದಾರಿ

"ಗುರುಗಳೇ, ತಡೆಯಲಾಗದ ಕಾಯಿಲೆಯನ್ನು ರೋಗಿಗೆ ಹೇಳಿ ಏನು ಪ್ರಯೋಜನ?" ಎಂದು ಕಿರಿಯ ವೈದ್ಯೆ ಸುವ್ರತೆ ಕೇಳಿದಳು.

ನರರೋಗಗಳಿಗೆ ಮದ್ದು ಕೊಡುತ್ತಲೇ ತಲೆ ನರೆತಿದ್ದ ಮರುಳಾರಾಧ್ಯರು ಒಂದು ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಅವನ ಹೊಳೆಯಲ್ಲಿ ನೀರಿನಡಿ ಬಂಡೆಗಳು. ಅವುಗಳ ನಡುವಿನ ದಾರಿ ಅವನೊಬ್ಬನಿಗೇ ಗೊತ್ತಿತ್ತು. ಅದೇ ಹೊಳೆಯ ಪಕ್ಕದ ಕಡವಿನಲ್ಲಿ ದೋಣಿ ದಾಟಿಸುವ ಅಂಬಿಗನಿಗೂ ಅವನಿಗೂ ಎಷ್ಟೋ ವರ್ಷಗಳಿಂದ ಮಾತಿರಲಿಲ್ಲ. ಮಳೆಗಾಲದಲ್ಲಿ ಆ ಇನ್ನೊಬ್ಬ ದೋಣಿಯನ್ನು ದಡಕ್ಕೆ ಕಟ್ಟಿದಾಗಲೂ ಇವನು ಜನರನ್ನು ದಾಟಿಸುತ್ತಿದ್ದ. ಅದು ಇವನ ಹೆಮ್ಮೆ.

ಒಂದು ದಿನ ನಡುಹೊಳೆಯಲ್ಲಿ ಇವನ ಕೈ ನಿಂತಿತು. ದಾರಿ ಮರೆತುಹೋಗಿತ್ತು. ದೋಣಿ ಬಂಡೆಗೆ ಬಡಿದು ಬಿರುಕು ಬಿಟ್ಟಿತು. ಜನ ಹೇಗೋ ಬದುಕಿಕೊಂಡರು. ಮಗುವನ್ನು ಎದೆಗವಚಿಕೊಂಡ ತಾಯಿಯೊಬ್ಬಳು ದಡದಲ್ಲಿ ನಿಂತು ಇವನನ್ನೇ ನೋಡಿದಳು. ಆ ನೋಟ ತಾಳಲಾರದೆ ಇವನು ವೈದ್ಯನಲ್ಲಿಗೆ ಹೋದ.

ಪರೀಕ್ಷೆಗಳಾದ ಮೇಲೆ ವೈದ್ಯ ಮುಚ್ಚಿಡದೆ ಹೇಳಿದ: "ಮಿದುಳಿನ ಜೀವಕೋಶಗಳಲ್ಲಿ ಪ್ರೋಟೀನಿನ ಎಳೆಗಳಿರುತ್ತವೆ. ಸರಿಯಾಗಿ ಮಡಿಚಿಕೊಂಡರೆ ಮಾತ್ರ ಅವು ಕೆಲಸಕ್ಕೆ ಬರುತ್ತವೆ. ತಪ್ಪಾಗಿ ಮಡಿಚಿಕೊಂಡದ್ದು ಪಕ್ಕದ್ದನ್ನೂ ತನ್ನ ಹಾಗೆಯೇ ಮಾಡುತ್ತದೆ. ಅವೆಲ್ಲ ಗಂಟುಕಟ್ಟಿ ಕೋಶ ಸಾಯುತ್ತದೆ, ಅದರೊಂದಿಗೆ ನೆನಪೂ ಹೋಗುತ್ತದೆ. ಆ ಕೆಟ್ಟ ಎಳೆಗಳು ಅಲ್ಲಿಂದ ಮುಂದಿನ ಕೋಶಕ್ಕೆ ದಾಟುತ್ತವೆ. ನಿಲ್ಲಿಸುವ ಮದ್ದು ನನ್ನಲ್ಲಿಲ್ಲ."

ಅಂಬಿಗ ಕೇಳಿದ: "ಇನ್ನೂ ದಾಟದ ಕಡೆ?"

"ಅಲ್ಲಿ ನೆನಪೆಲ್ಲ ಹಾಗೆಯೇ ಇದೆ. ಎಷ್ಟು ದಿನವೋ ಹೇಳಲಾರೆ."

ಅವನು ಮನೆಗೆ ಹೋಗಲಿಲ್ಲ. ನೇರ ಪಕ್ಕದ ಕಡವಿಗೆ ನಡೆದು, ಮಾತು ಬಿಟ್ಟಿದ್ದವನ ದೋಣಿಯಲ್ಲಿ ಕುಳಿತ. "ಹುಟ್ಟು ಹಿಡಿ. ಬಂಡೆಗಳನ್ನು ತೋರಿಸುತ್ತೇನೆ" ಎಂದ. ಆ ಇನ್ನೊಬ್ಬ ಬೆರಗಾಗಿ ನೋಡಿದ. ಆಮೇಲೆ ಹುಟ್ಟು ಹಿಡಿದ.

ನೆನಪು ತಿಳಿಯಾಗಿದ್ದ ಬೆಳಗುಗಳಲ್ಲಿ ಇವನು ಕಲಿಸಿದ. ಕಲಕಿದ ದಿನ, ಅಭಿಮಾನ ನುಂಗಿಕೊಂಡು "ಇವತ್ತು ಬೇಡ" ಎಂದು ಹಿಂದಿರುಗಿದ. ಮಾತು ಸಿಗದಾಗ ಕೈಯಿಂದ ತೋರಿಸಿದ. ಸಿಟ್ಟು ಬಂದಾಗ ಹುಟ್ಟನ್ನು ಕಿತ್ತುಕೊಂಡು ನೀರಿಗೆ ಬಡಿದ. ಮಾರನೆಯ ಬೆಳಿಗ್ಗೆ ಮತ್ತೆ ಬಂದ.

ಮಳೆಗಾಲ ಬಂತು. ತುಂಬಿದ ಹೊಳೆಯಲ್ಲಿ ಆ ಇನ್ನೊಬ್ಬ, ಹೆರಿಗೆ ನೋವು ತಿನ್ನುತ್ತಿದ್ದ ಬಸುರಿಯೊಬ್ಬಳನ್ನು ಆಚೆ ದಡ ಮುಟ್ಟಿಸಿದ. ದೋಣಿಯ ಮೂಲೆಯಲ್ಲಿ ಇವನೂ ಕುಳಿತಿದ್ದ. "ಚೆನ್ನಾಗಿ ನಡೆಸುತ್ತೀಯಪ್ಪ, ಯಾರ ಹತ್ತಿರ ಕಲಿತೆ?" ಎಂದು ಕೇಳಿದ.

ಆ ಇನ್ನೊಬ್ಬ ಹುಟ್ಟನ್ನು ಕೆಳಗಿಟ್ಟ. "ನಿನ್ನ ಹತ್ತಿರವೇ, ಅಣ್ಣಾ" ಎಂದ.

ಕತೆ ಮುಗಿಸಿ ಮರುಳಾರಾಧ್ಯರು ಸುವ್ರತೆಯನ್ನು ನೋಡಿ ಹೇಳಿದರು:

"ರೋಗ ಇನ್ನೂ ಮುಟ್ಟದೆ ಉಳಿದ ದಿನಗಳು ರೋಗಿಯವು, ತಾಯಿ; ಅವನ್ನು ಅವನಿಂದ ಮುಚ್ಚಿಡಲು ನಾವು ಯಾರು?"