ಬೇಡವೆಂದ ಸೌಟು

ಹಾಲಪ್ಪ ಮೊದಲ ಸಲ ಮನೆ ಬಿಟ್ಟದ್ದು ನಾಗರಪಂಚಮಿಯ ಮರುದಿನ. ಏಳನೆಯ ತರಗತಿಯ ಪುಸ್ತಕಗಳನ್ನು ಶಾಲೆಯ ಕಟ್ಟೆಯ ಮೇಲಿಟ್ಟು ನಡೆದವನ ಕಾಲು ಆಮೇಲೆ ಯಾವ ಊರಲ್ಲೂ ನಿಲ್ಲಲಿಲ್ಲ. ಈ ಮಠದಲ್ಲಿ ಮಾತ್ರ ಮೂರು ವರ್ಷ ಕಳೆದ. ಒಂದು ಬೆಳಿಗ್ಗೆ ಗುರುಗಳ ಮುಂದೆ ಬಂದು ಕೇಳಿದ:

“ಬುದ್ಧೀ, ಇಲ್ಲಿ ನನಗೇನೂ ದಕ್ಕಲಿಲ್ಲ. ಇನ್ನೂ ದೂರ ಹೋದರೆ ದಕ್ಕೀತೇ?”

ಗುರುಗಳು ಅವನ ಹೆಗಲ ಮೇಲಿದ್ದ ಖಾಲಿ ಚೀಲ ನೋಡಿದರು. “ಅದನ್ನು ತುಂಬಿಕೊಳ್ಳುತ್ತಲೇ ಕೇಳು” ಎಂದು ಒಂದು ಕತೆ ಹೇಳತೊಡಗಿದರು.

ಒಬ್ಬ ಸಂಶೋಧನಾ ವಿದ್ಯಾರ್ಥಿ ಇದ್ದ. ಡಾಕ್ಟರೇಟಿಗೆಂದು ಅವನು ಹಿಡಿದ ವಿಷಯ ಕಂಬಳಿಯ ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿ. ಆ ಗಂಜಿ ಕುಡಿದ ನೂಲು ಮಗ್ಗದಲ್ಲಿ ಹರಿಯುವುದಿಲ್ಲ. ಅವನು ಆ ಗಂಜಿ ಕಾಸುವ ಒಬ್ಬ ಮುದುಕಿಯ ಒಲೆಯ ಪಕ್ಕ ವರ್ಷವಿಡೀ ಕೂತು ಬೀಜದ ತೂಕ, ನೀರಿನ ಅಳತೆ, ಕುದಿಯ ಶಾಖ, ಗಡಿಯಾರದ ನಿಮಿಷ ಎಲ್ಲವನ್ನೂ ಬರೆದುಕೊಂಡ. ಗಂಜಿ ಇಳಿಸುವ ಮುನ್ನ ಮುದುಕಿ ತಾನು ಮೂಸಿ, ಆಮೇಲೆ ಸೌಟನ್ನು ಅವನ ಮೂಗಿನ ಮುಂದೆ ಚಾಚುತ್ತಿದ್ದಳು. “ಬೇಡಜ್ಜಿ, ಥರ್ಮಾಮೀಟರ್ ಇದೆಯಲ್ಲ” ಎನ್ನುತ್ತಿದ್ದ.

ಆ ಬರಹ ಕಂಡು ಪರದೇಶದ ಒಂದು ವಿಶ್ವವಿದ್ಯಾಲಯ ಅವನನ್ನು ಆರು ತಿಂಗಳಿಗೆ ಕರೆಸಿಕೊಂಡಿತು. ಅಲ್ಲಿ ಗಂಜಿ ಕೂಡಿಬಂದರೆ ಪದವಿ. ಬರದಿದ್ದರೆ ಐದು ವರ್ಷದ ದುಡಿಮೆ ನೀರಿಗೆ. ಊರಿನಿಂದಲೇ ಬೀಜ, ನೂಲು ಹೊತ್ತು ಹೋದ. ಬರೆದುಕೊಂಡ ಹಾಗೇ ಕುದಿಸಿದ. ಮಗ್ಗಕ್ಕೇರಿಸಿದ ನೂಲು ಪಟಪಟನೆ ಹರಿಯಿತು. ಮತ್ತೆ ಕುದಿಸಿದ, ಮತ್ತೆ ಹರಿಯಿತು. ಐದು ತಿಂಗಳು ಹೀಗೇ ಹೋಯಿತು.

ಅಲ್ಲಿಯ ಹಿರಿಯ ಅಧ್ಯಾಪಕಿ ಅವನ ಟಿಪ್ಪಣಿಗಳನ್ನೆಲ್ಲ ಓದಿ ಕೇಳಿದಳು: “ಒಲೆಯಿಂದ ಇಳಿಸುವ ಮುನ್ನ ಆಕೆ ಏನು ಮಾಡುತ್ತಿದ್ದಳು?”

“ಸೌಟು ಮೂಸುತ್ತಿದ್ದಳು.”

“ಹೇಗಿರುತ್ತಿತ್ತು ಆ ವಾಸನೆ?”

ವಿದ್ಯಾರ್ಥಿ ಟಿಪ್ಪಣಿ ತಿರುವಿ ನೋಡಿದ. ಅದೊಂದನ್ನು ಬರೆದಿರಲಿಲ್ಲ.

ಫಲಿತಾಂಶದ ಒಂದೆರಡು ಅಂಕಿ ತಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ತಿದ್ದಲಿಲ್ಲ. ಬರಿಗೈಯಲ್ಲಿ ಮರಳಿ ನೇರವಾಗಿ ಆ ಒಲೆಯ ಮುಂದೆ ಬಂದು ಕೂತ.

“ಏನಪ್ಪಾ, ನಿನ್ನ ಗಾಜಿನ ಕಡ್ಡಿಗೆ ಪರದೇಶದಲ್ಲಿ ನೆಗಡಿ ಆಯಿತೋ?” ಎಂದು ಮುದುಕಿ ನಕ್ಕಳು. “ಬೀಜ ಹಳತಾದಷ್ಟೂ ಬೇಯಲು ಹೊತ್ತು ಹಿಡಿಯುತ್ತದೆ ಮಗಾ. ಕಡ್ಡಿಗೇನು ಗೊತ್ತು ಅದು?” ಎಂದವಳೇ ಸೌಟು ಚಾಚಿದಳು.

ಈ ಸಲ ಅವನು ಬಗ್ಗಿದ.

ಗುರುಗಳು ಕತೆ ನಿಲ್ಲಿಸಿದರು. ಅಷ್ಟರಲ್ಲಿ ಹಾಲಪ್ಪ ಪಂಚೆ, ತಟ್ಟೆ, ಲೋಟಗಳನ್ನು ಚೀಲಕ್ಕಿಳಿಸಿ ಅದರ ಬಾಯಿ ಕಟ್ಟುತ್ತಿದ್ದ.

“ಹಾಗಾದರೆ ಅವನು ಅಷ್ಟು ದೂರ ಹೋದದ್ದು ದಂಡವೇ, ಬುದ್ಧೀ?”

“ದಂಡವಲ್ಲ. ನೀನೂ ಹೋಗು. ಆದರೆ ಈ ಮೂರು ವರ್ಷ ಇಲ್ಲಿ ಯಾರು ಚಾಚಿದ ಸೌಟನ್ನು ಬೇಡವೆಂದೆಯೋ, ಅದೊಂದನ್ನು ಹೇಳಿ ಹೋಗು.”

ಹಾಲಪ್ಪನ ಕೈ ಚೀಲದ ದಾರದ ಮೇಲೇ ನಿಂತಿತು.