ಉಣಿಸುವವನನ್ನು ಕೇಳಿದೆಯಾ

ಕೃಷ್ಣೆಯ ದಂಡೆಗೆ ಒಂದು ಮಠ. ಮಠವೆಂದರೆ ದೊಡ್ಡದೇನಲ್ಲ. ಎರಡು ಕೋಣೆ, ದಾಸೋಹದ ಒಲೆ, ಅಂಗಳದಲ್ಲೊಂದು ಬೇವಿನ ಮರ. ಅಲ್ಲಿ ನಿರುಪಾದಿ ಅಜ್ಜ ಇದ್ದರು. ಕಾವಿ ಉಡುವ ಮುಂಚೆ ಮೈಕ್‌ಸೆಟ್ಟು, ಜನರೇಟರು ಹೇರಿಕೊಂಡು ಊರೂರು ಸುತ್ತಿದ ಮನುಷ್ಯ.

ಅವರ ಶಿಷ್ಯ ಮೌನೇಶ. ನಸುಕಿನಲ್ಲಿ ನದಿಯ ಬಂಡೆಯ ಮೇಲೆ ಕಣ್ಣು ಮುಚ್ಚಿ ಕೂತನೆಂದರೆ ಕಾಗೆ ಬಂದು ಹೆಗಲ ಮೇಲೆ ಕೂತರೂ ಅಲುಗುತ್ತಿರಲಿಲ್ಲ.

ಅಮಾವಾಸ್ಯೆಯ ದಿನ ಮಾತ್ರ ಅವನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವತ್ತು ಸುತ್ತಲ ಹಳ್ಳಿಯ ಜನವೆಲ್ಲ ಮಠಕ್ಕೆ ಉಣ್ಣಲು ಬರುತ್ತಿತ್ತು. ನೂಕಾಟ, ಕೂಗಾಟ, ನನಗೆ ಸಾರು ಬಂದಿಲ್ಲ ಎಂಬ ತಕರಾರು. "ಧ್ಯಾನ ಕೆಡ್ತದ್ರೀ" ಎಂದು ಮೌನೇಶ ಬಂಡೆಯಾಚೆ ಹೋಗಿಬಿಡುತ್ತಿದ್ದ.

ಅಜ್ಜ ಅದಕ್ಕೆ ಏನೂ ಅಂದವರಲ್ಲ.

ಒಂದು ಮುಂಜಾನೆ ಅವನು ಬಂದು ಕಾಲಿಗೆರಗಿದ.

"ಅಜ್ಜಾರ, ಇನ್ನರೆ ನನಗ ಕಾವಿ ಕೊಡ್ರಿ. ಈಗ ಸಿಟ್ಟು ಅನ್ನೋದು ಬರೋದೇ ಇಲ್ಲ."

"ಹೌದೇನು," ಅಂದರು ಅಜ್ಜ. "ಬಗಲಾಗ ಏನದು?"

ಬಗಲಲ್ಲಿದ್ದದ್ದು ಗ್ರಾಫಿಕ್ಸ್ ಕಾರ್ಡು. ಇಟ್ಟಿಗೆಯಷ್ಟು ದಪ್ಪ, ಹೊಟ್ಟೆಯಲ್ಲಿ ಎರಡು ಫ್ಯಾನು. ಭಕ್ತನೊಬ್ಬ ತಾನು ಹೊಸದು ಕೊಂಡು ಹಳೆಯದನ್ನು ಮಠಕ್ಕೆ ಕೊಟ್ಟು ಹೋಗಿದ್ದ.

ಅದರ ಕೆಲಸ ಇಷ್ಟು. ಮಠದ ಹಳೇ ಕಂಪ್ಯೂಟರಿನಲ್ಲಿ ತಾಯವ್ವನ ಹಾಡಿತ್ತು. ತಾಯವ್ವ ತತ್ವಪದ ಹಾಡುತ್ತಿದ್ದಾಕೆ, ಹೋದ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಆಕೆ ಹಾಡಿದ ವಿಡಿಯೊ ಲೋಕದಲ್ಲಿ ಅದೊಂದೇ. ಕಂದೀಲಿನ ಬೆಳಕಿನಲ್ಲಿ ತೆಗೆದದ್ದು. ದನಿ ಗಂಟೆಯ ಹಾಗೆ ಕೇಳುತ್ತಿತ್ತು, ಮುಖ ಮಾತ್ರ ಬರೀ ಮಬ್ಬು. ಆ ಮಬ್ಬು ಸರಿಸುವ ಸಾಫ್ಟ್‌ವೇರನ್ನು ಮೌನೇಶ ಹುಡುಕಿ ಇಟ್ಟಿದ್ದ. ಅದು ಓಡಬೇಕಾದರೆ ಇಂಥ ಕಾರ್ಡು ಬೇಕು.

"ತಾಯವ್ವನ ಮಗಳು ಗಂಗವ್ವ ಇವತ್ತು ಸಂಜಿಕ ಹರಿಗೋಲಿನ್ಯಾಗ ಬರ್ತಾಳ್ರಿ. ಆಕಿ ಕಡೆ ಅವ್ವನ ನೆಟ್ಟನ ಫೋಟೊ ಒಂದೂ ಇಲ್ಲ. ಮಾರಿ ತೋರಿಸ್ತೀನಂತ ಮಾತು ಕೊಟ್ಟೀನಿ. ಇದನ್ನ ಹಾಕಲೇನ್ರಿ?"

ಅಜ್ಜ ಕಾರ್ಡನ್ನು ಕೈಯಲ್ಲಿ ತೂಗಿ ನೋಡಿದರು.

"ಇದು ಎಷ್ಟು ಉಣ್ತದ?"

"ನೂರ ಐವತ್ತು ವಾಟ್."

"ಉಣಿಸಾವ ಯಾರು?"

"ಪವರ್ ಸಪ್ಲೈ ಡಬ್ಬಿ ಅದಲ್ರೀ, ಅದು."

"ಅವನ್ನ ಕೇಳಿದೇನು?"

"ಡಬ್ಬಿ ಮ್ಯಾಲೆ ದೊಡ್ಡ ಅಕ್ಷರದಾಗ ನಾಕ್ನೂರ ಐವತ್ತು ವಾಟ್ ಅಂತ ಬರದದ್ರೀ. ಎಲ್ಲಾ ಕೂಡಿಸಿ ನೋಡೀನಿ. ಇನ್ನೂ ಜಾಗಾ ಉಳೀತದ."

"ಅದು ಓದಿದ್ದಾತು. ಕೇಳಿದೇನು?"

ಮೌನೇಶ ನಕ್ಕ. "ಡಬ್ಬಿ ಮಾತಾಡ್ತದೇನ್ರಿ, ಅಜ್ಜಾರ?"

"ಕೇಳೋರಿದ್ರ ಮಾತಾಡ್ತದ." ಅಜ್ಜ ಹೆಗಲಿಗೆ ಪಂಚೆ ಹಾಕಿಕೊಂಡು ಹೊಳೆಗೆ ಹೊರಟರು. ಬೇವಿನ ಮರದ ತನಕ ಹೋದವರು ತಿರುಗಿ ನಿಂತರು. "ಮೊದಲ ತಾಯವ್ವನ್ನ ಹೊರಗ ತಗಿ. ಬ್ಯಾರೆ ಕಡೆ ಇಟ್ಟ ಮ್ಯಾಲೆ ಅದಕ್ಕ ಕೈ ಹಚ್ಚು."

ಹೊರಗೆ ತೆಗೆಯಲು ಪೆನ್‌ಡ್ರೈವ್ ಬೇಕು. ಮಠದ ಪೆನ್‌ಡ್ರೈವನ್ನು ಹಾರ್ಮೋನಿಯಂ ಸಂಗಯ್ಯ ಭಜನೆ ತುಂಬಿಕೊಳ್ಳಲು ಊರಿಗೆ ಒಯ್ದಿದ್ದ. ನಡೆದು ಹೋಗಿ ತರುವಷ್ಟರಲ್ಲಿ ಹೊತ್ತು ಇಳಿದುಬಿಡುತ್ತದೆ.

ಇರಲಿ, ಏನಾಗುತ್ತದೆ ಎಂದುಕೊಂಡ ಮೌನೇಶ. ಸ್ಕ್ರೂ ಬಿಚ್ಚಿದ.

ಕಾರ್ಡು ತನ್ನ ಜಾಗದಲ್ಲಿ ಸೊಗಸಾಗಿ ಕೂತಿತು. ಆದರೆ ಅದರ ನೆತ್ತಿಯ ಮೇಲೆ ಆರು ಪಿನ್ನಿನ ಬಾಯೊಂದಿತ್ತು. ಆ ಬಾಯಿಗೆ ಹೊಂದುವ ಪ್ಲಗ್ಗು ಡಬ್ಬಿಯಿಂದ ಹೊರಟ ಯಾವ ವೈರಿನ ತುದಿಗೂ ಇರಲಿಲ್ಲ.

ಅವನ ಕೈ ಒಂದು ಗಳಿಗೆ ನಿಂತಿತು.

ಕಾರ್ಡಿನ ಜೊತೆಗೇ ಒಂದು ಜೋಡಿಸುವ ವೈರು ಬಂದಿತ್ತು. ಡಿಸ್ಕಿಗೆಂದು ಇದ್ದ ಎರಡು ವೈರನ್ನು ಸೇರಿಸಿ ಒಂದು ಆರು ಪಿನ್ನಿನ ಪ್ಲಗ್ಗು ಮಾಡುವಂಥದ್ದು. ಇದನ್ನು ಕೊಟ್ಟಿದ್ದಾರೆ ಅಂದಮೇಲೆ ಹಾಕಬಹುದು ಅಂತಲೇ ಅರ್ಥವಲ್ಲವೇ. ಮೌನೇಶ ಒತ್ತಿ ಹಾಕಿದ. ಬಟನ್ ಅದುಮಿದ.

ಪರದೆ ಬೆಳಗಿತು. ಫ್ಯಾನು ತಣ್ಣಗೆ ತಿರುಗಿತು. ಅವನು ಎದ್ದು ಹೋಗಿ ಗದ್ದುಗೆಗೆ ಒಂದು ಕಾಯಿ ಒಡೆದು ಬಂದ.

ಅಜ್ಜ ಒದ್ದೆ ಪಂಚೆಯಲ್ಲೇ ಒಳಗೆ ಬಂದರು. ಪೆಟ್ಟಿಗೆಯ ಹಿಂದೆ ಅಂಗೈ ಹಿಡಿದರು. ಕಂಪ್ಯೂಟರಿನಿಂದ ಬರುತ್ತಿದ್ದ ಗಾಳಿ ತಂಪಾಗಿತ್ತು.

"ನೋಡ್ರಿ," ಅಂದ ಮೌನೇಶ. "ಕೇಳಿದೆ. ಹೂಂ ಅಂತು."

"ಈಗ ಏನು ಕೆಲಸ ಮಾಡ್ಲಿಕತ್ತದ?"

"ಏನಿಲ್ರೀ. ಸುಮ್ಮ ಅದ."

"ಸುಮ್ಮ ಇದ್ದಾಗ ನಾನೂ ಮಹಾಸಿದ್ಧನ, ತಮ್ಮಾ." ಅಜ್ಜ ಕೈ ತೆಗೆದರು. "ತಾಯವ್ವನ್ನ ತಗದೇನು?"

"ತಗೀತೀನ್ರಿ."

ಅಜ್ಜ ಅವನ ಮುಖ ನೋಡಿದರು. ಆಮೇಲೆ ಒಲೆಯ ಕಡೆ ನಡೆದರು.

ಹೊತ್ತು ವಾಲಿತು. ಆಚೆ ದಂಡೆಯಲ್ಲಿ ಹರಿಗೋಲು ನೀರಿಗಿಳಿದದ್ದು ಕಿಟಕಿಯಿಂದಲೇ ಕಂಡಿತು. ಅದರೊಳಗೆ ಒಂದು ಕೆಂಪು ಸೀರೆ.

ಮೌನೇಶ ಇನ್ನು ತಡೆಯಲಿಲ್ಲ. ತಾಯವ್ವನ ವಿಡಿಯೊ ತೆರೆದು, ಮಬ್ಬು ಸರಿಸುವ ಕೆಲಸ ಚಾಲೂ ಮಾಡಿದ.

ಕಾರ್ಡಿಗೆ ಎಚ್ಚರಾಯಿತು. ಅಲ್ಲಿಯ ತನಕ ಉಸಿರೇ ಇಲ್ಲದಂತಿದ್ದ ಫ್ಯಾನುಗಳು ಮೊರೆಯತೊಡಗಿದವು. ಪರದೆಯ ಮೇಲೆ ಮಬ್ಬು ಕರಗುತ್ತ ಬಂತು. ಮೊದಲು ಸೆರಗಿನ ಅಂಚು. ಆಮೇಲೆ ಮೂಗುಬೊಟ್ಟು. ಆಮೇಲೆ ಹಣೆ, ಹಣೆಯ ಮೇಲೆ ಹಚ್ಚೆ. ಕಣ್ಣು ಇನ್ನೇನು ತೆರೆದುಕೊಳ್ಳಬೇಕು.

ಟಪ್ ಎಂದಿತು. ಪರದೆ ಕಪ್ಪಾಯಿತು.

ಫ್ಯಾನುಗಳು ತಿರುಗಿ ತಿರುಗಿ ನಿಂತವು. ಬಿಸಿಯಾದ ಪ್ಲಾಸ್ಟಿಕ್ಕಿನ ನಾತ ಕೋಣೆಯಲ್ಲಿ ಹರಡಿತು.

ಹಾಡು ಇರುವ ಡಿಸ್ಕು ಹೋಗಿದ್ದರೆ ಮುಖವೂ ಇಲ್ಲ, ದನಿಯೂ ಇಲ್ಲ. ತಾಯವ್ವ ಎರಡನೇ ಸಲ ಸತ್ತ ಹಾಗೆ. ಮೌನೇಶ ಮತ್ತೆ ಬಟನ್ ಅದುಮಲು ಕೈ ಚಾಚಿದ.

ಆ ಕೈಯನ್ನು ಯಾರೋ ಹಿಡಿದರು. ಅಜ್ಜ ಯಾವಾಗ ಬಂದು ನಿಂತಿದ್ದರೋ.

"ಬ್ಯಾಡ. ಭಾರ ಹೊತ್ತು ಬಿದ್ದಾನ. ಎಬ್ಬಿಸಿ ಮತ್ತ ಅದನ್ನೇ ಹೊರಿಸಬ್ಯಾಡ."

ಮೌನೇಶ ಕೈ ಕೊಸರಿಕೊಂಡ.

"ನಿಮಗ ಗೊತ್ತಿತ್ತು. ಗೊತ್ತಿದ್ದೂ ನೆಟ್ಟಗ ಹೇಳಲಿಲ್ಲ. ಕೇಳಿದೇನು, ಕೇಳಿದೇನು ಅಂತ ಒಗಟು ಹಾಕ್ಕೋತ ಕುಂತ್ರಿ. ಯಾರನ್ನ ಕೇಳಬೇಕಿತ್ತು ನಾನು? ಆ ಸಂಗಯ್ಯ ಪೆನ್‌ಡ್ರೈವ್ ಒಯ್ದಾನ, ಅದಕ್ಕೂ ನಾನೇ ಏನು? ಆ ಮುದುಕಿ ಗಂಗವ್ವ ಬಂದು ನಿಂತ್ರ ಮಾರಿ ಎತ್ತೋದು ಯಾರು, ನೀವೇನು?"

ಅವನ ದನಿ ಮಠದ ಮಾಡಿಗೆ ತಾಗಿ ತಿರುಗಿ ಬಂತು. ಅಂಗಳದ ಬೇವಿನಿಂದ ಗುಬ್ಬಿಗಳು ಎದ್ದು ಹಾರಿದವು.

ಅಜ್ಜ ಪೆಟ್ಟಿಗೆಯ ಹಿಂದೆ ಅಂಗೈ ಹಿಡಿದರು. ಆಮೇಲೆ ಅದೇ ಅಂಗೈಯನ್ನು ಮೌನೇಶನ ಎದೆಯ ಮೇಲಿಟ್ಟರು.

"ಎರಡೂ ಬಿಸಿ ಅವ," ಅಂದರು.

ಸಿಟ್ಟು ಬರುವುದೇ ಇಲ್ಲ ಎಂದು ಮುಂಜಾನೆ ತಾನೇ ಆಡಿದ ಮಾತು ಮೌನೇಶನಿಗೆ ನೆನಪಾಯಿತು.

"ವೈರ್ ಕೀಳು. ಡಬ್ಬಿ ಹೊರಗ ತಗಿ."

ತೆಗೆದ.

"ಮಗ್ಗಲಾ ಹೊರಳಿಸು. ಸಣ್ಣ ಅಕ್ಷರ ಅವ ನೋಡು, ಇಷ್ಟು ದಿನ ಪೆಟಗಿ ಗ್ವಾಡಿಗಿ ಮಾರಿ ಮಾಡಿದ್ದು. ಅದನ್ನ ಓದು."

ಮೌನೇಶ ಧೂಳು ಒರೆಸಿದ. "ಬ್ಯಾರೆ ಬ್ಯಾರೆ ವೋಲ್ಟಿಗಿ ಬ್ಯಾರೆ ಬ್ಯಾರೆ ಕರೆಂಟಿನ ಸಾಲು ಅವ್ರೀ. ಹನ್ನೆರಡು ವೋಲ್ಟಿನ ಸಾಲಿಗಿ ಹದಿನಾರು ಆಂಪಿಯರ್ ಅಂತ ಅದ್ರೀ."

"ಗುಣಿಸು."

"ನೂರ ತೊಂಬತ್ತೆರಡು ವಾಟ್."

"ನಿನ್ನ ಕಾರ್ಡ್ ಯಾವ ಸಾಲಿನ್ಯಾಗ ಕುಂತು ಉಣ್ತದ?"

"ಇದೇ ಸಾಲಿನ್ಯಾಗ್ರಿ." ದನಿ ಸಣ್ಣದಾಯಿತು. "ಪ್ರೊಸೆಸರೂ ಇದೇ ಸಾಲಿನ್ಯಾಗ. ಫ್ಯಾನೂ. ಡಿಸ್ಕೂ."

"ಮತ್ತ ಆ ನಾಕ್ನೂರ ಐವತ್ತು?"

"ಎಲ್ಲಾ ಸಾಲಿಂದೂ ಕೂಡಿಸಿ ಮ್ಯಾಲೆ ದೊಡ್ಡದಾಗಿ ಬರದಾರ್ರಿ. ಅದನ್ನಷ್ಟೇ ನೋಡಿದೆ ನಾನು." ಡಬ್ಬಿಯ ವೈರುಗಳ ತುದಿ ಹಿಡಿದು ತೋರಿಸಿದ. "ಇದಕ್ಕ ಆರು ಪಿನ್ನಿನ ಪ್ಲಗ್ಗೂ ಇರಲಿಲ್ರೀ. ಆಗಲೇ ನನಗ ಡೌಟ್ ಬಂದಿತ್ತು."

"ಅದು ಆ ಉಣಿಸಾವ ಹೇಳಿದ ಮಾತು," ಅಂದರು ಅಜ್ಜ. "ನನ್ನ ಕೈಲೆ ಆಗೂದಿಲ್ಲ ಅಂದ. ನೀ ಅವನ ಬಾಯಿಗೆ ಬ್ಯಾರೆ ಮಾತು ತುರುಕಿದಿ."

ಹೊರಗೆ ಹರಿಗೋಲು ದಂಡೆಗೆ ತಾಗಿದ ಸಪ್ಪಳ.

ಮೌನೇಶ ಕಾರ್ಡನ್ನು ಕಿತ್ತ. ಜೋಡಿಸಿದ ವೈರನ್ನು ಕಿತ್ತ. ಅದರ ಪ್ಲಗ್ಗು ಒಂದು ಕಡೆ ಕಂದಾಗಿತ್ತು. ಡಬ್ಬಿ ಆರಲೆಂದು ಕಾದರು. ಅಜ್ಜ ಅಲ್ಲೇ ಗೋಡೆಗೊರಗಿ ಕೂತರು. ಮೌನೇಶ ಕೂರಲಾರದೆ ನಿಂತೇ ಇದ್ದ. ಅಂಗಳದಲ್ಲಿ ಗಂಗವ್ವ ಕಾಲು ತೊಳೆಯುತ್ತಿದ್ದಳು. ಚೊಂಬಿನ ನೀರು ಕಲ್ಲಿನ ಮೇಲೆ ಬೀಳುವುದು ಒಳಗೆ ಕೇಳುತ್ತಿತ್ತು.

"ಉಣಿಸಾವ ಸತ್ತಾನೇನ್ರಿ?"

"ಹಚ್ಚಿ ನೋಡು. ಒಳ್ಳೇವನಿದ್ರ, ಉಳಿದವರಿಗೆ ಪೆಟ್ಟು ಬೀಳೋದರಾಗ ತಾನೇ ಕೈ ಬಿಟ್ಟಿರ್ತಾನ."

ಎಲ್ಲವನ್ನೂ ಮೊದಲಿದ್ದ ಹಾಗೆ ಜೋಡಿಸಿ ಮೌನೇಶ ಬಟನ್ ಮೇಲೆ ಬೆರಳಿಟ್ಟ. ಒತ್ತಲು ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿ ಒತ್ತಿದ.

ಡಿಸ್ಕು ಕಿರ್ರೆಂದಿತು. ನಿಂತಿತು. ಮತ್ತೆ ಕಿರ್ರೆಂದಿತು.

ಪರದೆ ಬೆಳಗಿತು.

ತಾಯವ್ವ ಇದ್ದಳು. ಎಂದಿನ ಹಾಗೇ ಮಬ್ಬು, ಎಂದಿನ ಹಾಗೇ ದನಿ.

ಗಂಗವ್ವ ಒಳಗೆ ಬಂದು ಪರದೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಹಾಡು ಮುಗಿಯುವ ತನಕ ಮಿಸುಕಲಿಲ್ಲ.

"ದನಿ ಆಕಿದೇ," ಅಂದಳು. "ಮಾರಿ ಎಲ್ಲದ ತಮ್ಮಾ? ತೋರಿಸ್ತೀನಿ ಅಂದಿದ್ದಿ."

ಮೌನೇಶ ಅಜ್ಜನ ಕಡೆ ನೋಡಲಿಲ್ಲ. ಸಂಗಯ್ಯನ ಹೆಸರು ಎತ್ತಲಿಲ್ಲ.

"ತಪ್ಪು ನಂದು ಯವ್ವಾ. ಈ ಡಬ್ಬಿಗೆ ತಾಕತ್ತಿಲ್ಲದ ಕೆಲಸ ಹೇಳಿದೆ. ಇನ್ನೊಂಚೂರು ಆಗಿದ್ರ ದನೀನೂ ಕಳೀತಿದ್ದೆ."

ಗಂಗವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಷ್ಟು ದೂರದಿಂದ ಬಂದೆ," ಅಂದಳು.

ಮೌನೇಶ ಅವಳ ಪಕ್ಕಕ್ಕೆ ಕೂತು ಕೇಳಿದ. "ಯವ್ವಾ, ಅವ್ವನ ಹಣಿ ಮ್ಯಾಲೆ ಹಚ್ಚಿ ಇತ್ತೇನು? ಅರ್ಧಾ ಚಂದ್ರಾಮನ ಗತೆ?"

ಮುದುಕಿ ಅವನತ್ತ ತಿರುಗಿದಳು. "ನೀ ಎಲ್ಲಿ ಕಂಡಿ?"

"ಡಬ್ಬಿ ಬೀಳೋಕಿಂತ ಮೊದಲ ಒಂದು ಗಳಿಗಿ ಕಂಡಿತ್ತು. ನೀನು ನೋಡಬೇಕಾದದ್ದನ್ನ ನಾ ಒಬ್ಬನೇ ನೋಡಿದೆ."

ಗಂಗವ್ವ ಮತ್ತೆ ಪರದೆಯ ಕಡೆ ತಿರುಗಿದಳು. "ಇನ್ನೊಮ್ಮೆ ಹಚ್ಚು," ಅಂದಳು.

ಹಾಡು ಇನ್ನೊಮ್ಮೆ ಮುಗಿಯಿತು. ಬೆಳಕಿರುವಾಗಲೇ ಹರಿಗೋಲು ಹೊರಟಿತು. ತಕ್ಕ ಡಬ್ಬಿ ಬಂದ ದಿನ ತಾನೇ ಬಂದು ಕರೆದೊಯ್ಯುತ್ತೇನೆ ಎಂದು ಮೌನೇಶ ನೀರಿನ ತನಕ ಹೋಗಿ ಹೇಳಿದ.

ತಿರುಗಿ ಬಂದಾಗ ಅಜ್ಜ ದಾಸೋಹದ ಒಲೆಯ ಬಳಿ ದೊಡ್ಡ ಹಂಡೆ ತಿಕ್ಕುತ್ತಿದ್ದರು. ಮೌನೇಶ ಎದುರಿಗೆ ಕೂತ. ಕಾವಿಯ ಮಾತು ಎತ್ತಲಿಲ್ಲ.

"ಅಜ್ಜಾರ."

"ಹೇಳು."

"ಡಬ್ಬಿಗೆ ಮಗ್ಗಲಾಗ ಬರದಾರ. ನಾ ಎಷ್ಟು ತಡೀತೀನಿ ಅಂತ ನನಗ ಹ್ಯಾಂಗ ಗೊತ್ತಾಗಬೇಕ್ರಿ?"

ಅಜ್ಜ ಹಂಡೆಯನ್ನು ಬೋರಲು ಹಾಕಿದರು. ಗೂಟದಲ್ಲಿ ತೂಗುಬಿದ್ದಿದ್ದ ಸಾರಿನ ಸೌಟನ್ನು ತೆಗೆದು, ಪಂಚೆಯಿಂದ ಒರೆಸಿ, ಅವನ ಕೈಗಿಟ್ಟರು.

"ನಾಳಿ ಅಮಾವಾಸಿ. ಹಸದ ಮಂದಿ ಬರ್ತದ. ಬಡಿಸು."